ಚನ್ನ ಎಂಬ ಹೆಸರಿನ ಪರಿಚಯ

ಕೆಲಸಕ್ಕೆಂದು ಹಾಸನ ಸೀಮೆಯ ಬೂವನಹಳ್ಳಿ ಕಡೆಗೆ ಹೊಸದಾಗಿ ಬಂದವರನ್ನು ಮೊದಲು ತಬ್ಬಿಬ್ಬು ಮಾಡುವುದು ಇಲ್ಲಿನ ಹೆಸರುಗಳು. ಚನ್ನಪ್ಪ, ಚನ್ನಯ್ಯ, ಚನ್ನೇಗೌಡ, ಚನ್ನಿಗಪ್ಪ, ಚನ್ನಮ್ಮ. ಎಲ್ಲರೂ ಒಂದೇ ಮನೆತನದವರೇನೋ ಅನ್ನಿಸುತ್ತದೆ. ಅಲ್ಲ. ನಿಧಾನವಾಗಿ ಬಿಡಿಸಿ ನೋಡೋಣ.

ಅಪ್ಪ, ಅಯ್ಯ, ಗೌಡ, ಅಮ್ಮ ಇವನ್ನೆಲ್ಲ ಪಕ್ಕಕ್ಕಿಡಿ. ಉಳಿಯುವುದು ‘ಚನ್ನ’, ಅಂದರೆ ಚೆಲುವ. ‘ಚೆನ್ನಾಗಿದ್ದೀರಾ?’ ಎಂದು ದಿನವೂ ಕೇಳುತ್ತೇವಲ್ಲ, ಅದೇ ಚೆನ್ನು. ದಾಖಲೆಯಲ್ಲಿ ‘ಚ’ ಇರಲಿ ‘ಚೆ’ ಇರಲಿ, ಹೆಸರು ಒಂದೇ. ದೂರದ ಐರ್ಲೆಂಡಿನ ಕೆವಿನ್ ಎಂಬ ಹೆಸರಿನ ಬೇರಿನಲ್ಲೂ ಚೆಲುವು, ಸೌಮ್ಯತೆ ಎಂಬ ಅರ್ಥವೇ ಇದೆ. ಅಲ್ಲಿ ಅದು ಗ್ಲೆಂಡಲಾಕ್ ಮಠ ಕಟ್ಟಿದ ಸಂತನಿಂದ ಮನೆಮನೆಗೆ ಹೋಯಿತು.

ನಮ್ಮ ಸೀಮೆಯಲ್ಲಿ ಚನ್ನ ಎಂಬ ಹೆಸರು ಬಂದದ್ದು ಬೇಲೂರಿನ ದೇವರಿಂದ. ಹೊಯ್ಸಳ ವಿಷ್ಣುವರ್ಧನ 1117ರಲ್ಲಿ ಪ್ರತಿಷ್ಠೆ ಮಾಡಿಸಿದ ಆ ದೇವರಿಗೆ ವಿಜಯನಾರಾಯಣ ಎಂಬ ಗಂಭೀರವಾದ ಹೆಸರೂ ಇತ್ತು. ಜನ ಹಿಡಿದುಕೊಂಡದ್ದು ಮಾತ್ರ ಚನ್ನಕೇಶವನನ್ನು, ಸಲುಗೆಯಲ್ಲಿ ಚನ್ನಿಗರಾಯನನ್ನು. ಪಕ್ಕದಲ್ಲೇ ರಾಣಿ ಶಾಂತಲೆ ಕಟ್ಟಿಸಿದ ಗುಡಿಯ ದೇವರು ಕಪ್ಪೆ ಚನ್ನಿಗರಾಯ.

ದೇವರ ಹೆಸರು ಮನುಷ್ಯನಿಗೆ ಹೇಗೆ ಬರುತ್ತದೆ? ಹರಕೆಯಿಂದ. ಚನ್ನರಾಯಪಟ್ಟಣವನ್ನೇ ನೋಡಿ. ಅದು ಮೊದಲು ಕೊಳತೂರು ಎಂಬ ಅಗ್ರಹಾರ. 1600ರ ಸುಮಾರಿನಲ್ಲಿ ಹೊಳೆನರಸೀಪುರದ ಪಾಳೇಗಾರ ಲಕ್ಷ್ಮಪ್ಪನಿಗೆ ಬಹುಕಾಲ ಮಕ್ಕಳಿರಲಿಲ್ಲ. ಮಗ ಹುಟ್ಟಿದರೆ ದೇವರ ಹೆಸರನ್ನೇ ಇಡುತ್ತೇನೆಂದು ಹರಕೆ ಹೊತ್ತ; ಹುಟ್ಟಿದ ಮಗನನ್ನು ಚನ್ನರಾಯ ಎಂದು ಕರೆದ; ಊರನ್ನು ಅವನಿಗೆ ಜಹಗೀರು ಕೊಟ್ಟ ಎಂದು ಹಳೆಯ ಗೆಜೆಟಿಯರ್ ಹೇಳುತ್ತದೆ. ಅಂದರೆ ದೇವರಿಂದ ಮಗನಿಗೆ, ಮಗನಿಂದ ಊರಿಗೆ. ಬಸ್ಸಿನ ಬೋರ್ಡಿನ ಮೇಲೆ ದಿನಾ ಓದುವುದು ಒಂದು ಕೂಸಿನ ಹೆಸರು!

ಹಾಗೆಂದು ಹೆಸರು ನೋಡಿ ಜಾತಿ ಅಳೆಯಲು ಹೋಗಬೇಡಿ. ಚನ್ನಬಸವಣ್ಣ ಹನ್ನೆರಡನೇ ಶತಮಾನದ ಶರಣ. 1824ರಲ್ಲಿ ಇಂಗ್ಲಿಷರನ್ನು ಎದುರಿಸಿದ ಕಿತ್ತೂರಿನ ರಾಣಿಯೂ ಚೆನ್ನಮ್ಮನೇ. ವೈಷ್ಣವರಿಗೂ ಶೈವರಿಗೂ ಈ ಹೆಸರು ಸಲ್ಲುತ್ತದೆ.

ಈಚಿನ ತೊಟ್ಟಿಲುಗಳಲ್ಲಿ ಬರಿಯ ಚನ್ನ ಅಪರೂಪವಾಗುತ್ತಿದ್ದಾನೆ. ನನಗಂತೂ ಇದು ನಷ್ಟವೇ. ಕೊನೆಗೊಂದು ಮಾತು: ಮಗುವಾದರೆ ‘ಚನ್ನಿ’ ಎಂದು ಕೂಗಿದರೆ ಸಾಕು. ಹಿರಿಯರನ್ನು ಮಾತ್ರ ಮೊಟಕು ಮಾಡಬೇಡಿ. ‘ಚನ್ನೇಗೌಡ್ರೇ’, ‘ಚನ್ನಮ್ಮನೋರೇ’ ಎಂದು ಪೂರ್ತಿ ಕರೆಯಿರಿ.