ಮೊಬೈಲ್ ಫೋನು ಕೊಟ್ಟಿಗೆಗೂ ಉಪಯೋಗವಾಗಲಿ



ಈಗ ಬಹಳಷ್ಟು ಮನೆಗಳಲ್ಲಿ ಸ್ಮಾರ್ಟ್‌ಫೋನ್ ಇದೆ. ಅದನ್ನು ಒಂದೊಂದು ವಯಸ್ಸಿನವರು ಒಂದೊಂದು ರೀತಿ ಬಳಸುತ್ತಾರೆ. ಹಿರಿಯರಿಗೆ ಅದು ಮಾತನಾಡುವ ಸಾಧನ. ನಡುವಯಸ್ಸಿನವರು ವಾಟ್ಸಾಪ್ ಓದುತ್ತಾರೆ, ಖಾತೆಗೆ ಹಾಲಿನ ಹಣ ಬಂತೇ ಎಂದು ನೋಡುತ್ತಾರೆ. ಯುವಕರಿಗೆ ವಿಡಿಯೊ, ಆ್ಯಪ್ ಎಲ್ಲವೂ ಸಲೀಸು. ಆದರೆ ಹಸುವಿನ ಲಕ್ಷಣ ಬಲ್ಲವರ ಕೈಯಲ್ಲಿ ಫೋನ್ ಇರುವುದಿಲ್ಲ. ಫೋನ್ ಇರುವವರು ಕೊಟ್ಟಿಗೆಯಲ್ಲಿ ಇರುವುದಿಲ್ಲ. ನಷ್ಟವಾಗುವುದು ಇಲ್ಲಿಯೇ.

ಉದಾಹರಣೆಗೆ, ಹಸು ಕೂಗುವುದು, ಮೇವು ಬಿಡುವುದು, ಲೋಳೆ ಸುರಿಸುವುದು ಮೊದಲಾದ ಬೆದೆ ಲಕ್ಷಣಗಳನ್ನು ಮೊದಲು ಗುರುತಿಸುವವರು ಸಾಮಾನ್ಯವಾಗಿ ಮನೆಯ ಅಜ್ಜಿ ಅಥವಾ ಸೊಸೆ. ಫೋನು ಮಗನ ಜೇಬಿನಲ್ಲಿ ಪೇಟೆಗೆ ಹೋಗಿರುತ್ತದೆ. ಬೆಳಿಗ್ಗೆ ಬೆದೆ ಕಂಡರೆ ಅದೇ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಕೃತಕ ಗರ್ಭಧಾರಣೆ ಮಾಡಿಸಬೇಕು. ಈ ಹೊತ್ತು ತಪ್ಪಿದರೆ ಮತ್ತೆ ಸುಮಾರು 21 ದಿನ ಕಾಯಬೇಕು. ಮೇವು, ಹಿಂಡಿಯ ಖರ್ಚು ಮಾತ್ರ ನಿಲ್ಲುವುದಿಲ್ಲ.

ಆದ್ದರಿಂದ ಕೆಲಸವನ್ನು ಹೀಗೆ ಹಂಚಿಕೊಳ್ಳಿ.

1. ಹಿರಿಯರು: ಮನೆಯಲ್ಲೇ ಉಳಿಯುವ ಒಂದು ಸಾಧಾರಣ ಫೋನ್ ಇರಲಿ. ಗರ್ಭಧಾರಣೆ ಕಾರ್ಯಕರ್ತರ ನಂಬರು, ಸಂಘದ ಕಾರ್ಯದರ್ಶಿಯ ನಂಬರು ಹಾಗೂ ಪಶು ಚಿಕಿತ್ಸಾ ವಾಹನದ ಉಚಿತ ಸಹಾಯವಾಣಿ 1962 ಇವನ್ನು ಕೊಟ್ಟಿಗೆಯ ಗೋಡೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆಯಿರಿ. ಬೆದೆ ಕಂಡವರೇ ಫೋನ್ ಮಾಡಲಿ; ಮಗ ಬರಲೆಂದು ಕಾಯುವುದು ಬೇಡ.

2. ಯುವಕರು: ಗರ್ಭಧಾರಣೆ ಮಾಡಿಸಿದ ದಿನಾಂಕವನ್ನು ಫೋನಿನ ಕ್ಯಾಲೆಂಡರಿನಲ್ಲಿ ಗುರುತಿಸಿ. 18ರಿಂದ 24ನೇ ದಿನದವರೆಗೆ ಹಸು ಮತ್ತೆ ಬೆದೆಗೆ ಬರುವುದೇ ಎಂದು ನೋಡಲು ಮತ್ತು ಮೂರನೇ ತಿಂಗಳಲ್ಲಿ ಗರ್ಭ ಪರೀಕ್ಷೆ ಮಾಡಿಸಲು ನೆನಪಿನ ಗಂಟೆ ಇಡಿ. ಕಿವಿಯೋಲೆಯ 12 ಅಂಕಿಗಳ ಫೋಟೊ ತೆಗೆದಿಡಿ. ರಾಸು ಕಾಯಿಲೆ ಬಿದ್ದರೆ ಬೆಳಕಿನಲ್ಲಿ ಅದರ ನಡಿಗೆ, ಉಸಿರಾಟ, ಸಗಣಿ ಕಾಣುವಂತೆ ವಿಡಿಯೊ ತೆಗೆದು ವೈದ್ಯರಿಗೆ ಕಳುಹಿಸಿ. ಆದರೆ ಜ್ವರವಾಗಲಿ, ಕೆಚ್ಚಲಿನ ಬಿಸಿ ಮತ್ತು ಗಡಸುತನವಾಗಲಿ ವಿಡಿಯೊದಲ್ಲಿ ಕಾಣುವುದಿಲ್ಲ. ಆದ್ದರಿಂದ ವೈದ್ಯರ ಪರೀಕ್ಷೆ ತಪ್ಪಿಸಬೇಡಿ.

3. ನಡುವಯಸ್ಸಿನವರು: ವಾಟ್ಸಾಪಿನಲ್ಲಿ ಬಂದ ಮದ್ದನ್ನೆಲ್ಲ ಹಸುವಿನ ಮೇಲೆ ಪ್ರಯೋಗಿಸಬೇಡಿ. ಹೊಟ್ಟೆ ಉಬ್ಬರಿಸಿದಾಗ ತಲೆ ಮೇಲೆತ್ತಿ, ನಾಲಿಗೆ ಹಿಡಿದೆಳೆದು ಎಣ್ಣೆ ಹೊಯ್ದರೆ ಅದು ಶ್ವಾಸಕೋಶಕ್ಕೆ ಇಳಿದು ರಾಸು ಸಾಯಬಹುದು. ಫೋನಿನಲ್ಲಿ ಹಸು ಮಾರುವಾಗಲೂ ಎಚ್ಚರವಿರಲಿ. ಯುಪಿಐನಲ್ಲಿ ಹಣ ಪಡೆಯಲು ಪಿನ್ ಒತ್ತಬೇಕಿಲ್ಲ. ಒತ್ತಿರೆಂದು ಹೇಳುವವನು ಮೋಸಗಾರ. ಮೋಸ ಹೋಗಿದ್ದರೆ ತಡಮಾಡದೆ 1930ಕ್ಕೆ ದೂರು ಕೊಡಿ.

ಇಂದು ಸಂಜೆ ಡೇರಿಗೆ ಹಾಲು ಹಾಕಿ ಬಂದ ಮೇಲೆ ಮನೆಯವರೆಲ್ಲ ಒಟ್ಟಿಗೆ ಕುಳಿತುಕೊಳ್ಳಿ. ಬೆದೆಯ ಲಕ್ಷಣಗಳನ್ನು ಅಜ್ಜಿ ಮೊಮ್ಮಗನಿಗೆ ಹೇಳಿಕೊಡಲಿ. ಗೋಡೆಯ ಮೇಲಿನ ನಂಬರಿಗೆ ಫೋನ್ ಮಾಡುವುದನ್ನು ಮೊಮ್ಮಗ ಅಜ್ಜಿಗೆ ಹೇಳಿಕೊಡಲಿ. ಇದಕ್ಕೆ ಹಣ ಖರ್ಚಾಗುವುದಿಲ್ಲ. ಹಸು ಮಾತ್ರ ಸಕಾಲಕ್ಕೆ ಗಬ್ಬವಾಗುತ್ತದೆ.