ಮಾಯದ ಪಾದದ ಹುಣ್ಣು: ಫಂಗಸ್ ಇದೆಯೇ ನೋಡಿಸಿ

ಶುಗರ್ ಇರುವವರ ಪಾದದಲ್ಲಿ ಹುಣ್ಣಾಗಿದೆ. ಆ್ಯಂಟಿಬಯಾಟಿಕ್ ಕೋರ್ಸ್ ಮುಗಿದಿದೆ, ಡ್ರೆಸ್ಸಿಂಗ್ ತಪ್ಪಿಲ್ಲ, ಆದರೂ ಗಾಯ ಮಾಯುತ್ತಿಲ್ಲ. ಇನ್ನೊಂದು ಆ್ಯಂಟಿಬಯಾಟಿಕ್ ಬರೆಸಿಕೊಳ್ಳುವ ಮೊದಲು ವೈದ್ಯರನ್ನು ಕೇಳಿ: ‘ಫಂಗಸ್ ಪರೀಕ್ಷೆ ಮಾಡಿಸೋಣವೇ?’ ಆ್ಯಂಟಿಬಯಾಟಿಕ್‌ಗೆ ಬಗ್ಗುವುದು ಬ್ಯಾಕ್ಟೀರಿಯಾ ಮಾತ್ರ. ಅದನ್ನು ಬಹಳ ದಿನ ನುಂಗಿದರೆ ಕ್ಯಾಂಡಿಡಾದಂಥ ಶಿಲೀಂಧ್ರಕ್ಕೆ ಜಾಗ ತೆರವಾಗುತ್ತದೆ. ಸಕ್ಕರೆ ಏರಿದ ರಕ್ತದಲ್ಲಿ ಬಿಳಿ ಕಣಗಳ ಬಲವೂ ಕುಗ್ಗಿರುತ್ತದೆ.

ಮೊದಲು ಮಾದರಿ ಸರಿಯಾಗಿರಬೇಕು. ಹುಣ್ಣಿನ ಮೇಲೆ ಹತ್ತಿಕಡ್ಡಿ ಸವರಿದರೆ ಸಾಲದು. ಚರ್ಮದ ಮೇಲೆ ಸುಮ್ಮನಿರುವ ಕ್ಯಾಂಡಿಡಾ ಕೂಡ ಅದರಲ್ಲಿ ಬೆಳೆದು ದಾರಿ ತಪ್ಪಿಸುತ್ತದೆ. ಗಾಯ ತೊಳೆದು, ಸತ್ತ ಭಾಗ ತೆಗೆದ ಮೇಲೆ ತಳದಿಂದ ಪಡೆದ ಮಾಂಸದ ಚೂರು ಹೆಚ್ಚು ನಂಬಬಹುದಾದದ್ದು. ಚೀಟಿಯಲ್ಲಿ ಬರೀ ‘ಕಲ್ಚರ್’ ಎಂದಿದ್ದರೆ ಲ್ಯಾಬಿನವರು ಬ್ಯಾಕ್ಟೀರಿಯಾ ಮಾತ್ರ ನೋಡಬಹುದು. ‘ಕೆಓಎಚ್, ಫಂಗಲ್ ಕಲ್ಚರ್, ಸೆನ್ಸಿಟಿವಿಟಿ’ ಎಂದು ಬರೆಸಿ. ಕ್ಯಾಂಡಿಡಾ ಕೆಲವೇ ದಿನಗಳಲ್ಲಿ ಬೆಳೆಯುತ್ತದೆ. ಬೂಸ್ಟಿನ ಜಾತಿಯವಕ್ಕೆ ವಾರಗಳೇ ಬೇಕಾಗಬಹುದು.

ವರದಿಯಲ್ಲಿ ‘ಕ್ಯಾಂಡಿಡಾ’ ಎಂದಷ್ಟೇ ಇದ್ದರೆ ಯಾವ ಜಾತಿಯೆಂದು ಕೇಳಿ. ಔಷಧ ನಿಂತಿರುವುದೇ ಅದರ ಮೇಲೆ. ಆಲ್ಬಿಕನ್ಸ್ ಸಾಮಾನ್ಯವಾಗಿ ಫ್ಲುಕೊನಜೋಲ್‌ಗೆ ಮಣಿಯುತ್ತದೆ. ಕ್ರೂಸೈ ಹುಟ್ಟಿನಿಂದಲೇ ಮಣಿಯುವುದಿಲ್ಲ, ಗ್ಲಾಬ್ರಾಟಾ ಹಲವು ಬಾರಿ ಹಟ ಹಿಡಿಯುತ್ತದೆ. ಆಸ್ಪರ್ಜಿಲ್ಲಸ್ ಎಂಬ ಬೂಸ್ಟಿಗೂ ಫ್ಲುಕೊನಜೋಲ್ ನಾಟದು. ಅದಕ್ಕೆ ವೊರಿಕೊನಜೋಲ್‌ನಂಥ ಮದ್ದು ಬೇಕು. ಆಂಫೊಟೆರಿಸಿನ್ ಬಿ ಬಹುತೇಕ ಎಲ್ಲಕ್ಕೂ ನಾಟುತ್ತದೆ ನಿಜ, ಆದರೆ ಕಿಡ್ನಿಗೆ ಹೊಡೆತ. ಶುಗರ್‌ನಿಂದ ಮೊದಲೇ ಕಿಡ್ನಿ ಸೊರಗಿದವರಲ್ಲಿ ಕ್ರಿಯಾಟಿನಿನ್ ಮೇಲೆ ಕಣ್ಣಿಟ್ಟೇ ಕೊಡಬೇಕು. ಹಾಗೆಂದು ಫಂಗಸ್ ಕಂಡವರಿಗೆಲ್ಲ ಮಾತ್ರೆ ಬೇಕೆಂದಿಲ್ಲ. ಗಾಯ ನೋಡಿ ವೈದ್ಯರು ತೀರ್ಮಾನಿಸಲಿ.

ಮುಂದಿನ ಮಾತು ಬಹಳ ಮುಖ್ಯ. ದಿನವೂ ನುಂಗುವ ಎಲ್ಲ ಮಾತ್ರೆಗಳನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿ ತೋರಿಸಿ. ಗ್ಲಿಮೆಪಿರೈಡ್, ಗ್ಲಿಪಿಜೈಡ್ ಜೊತೆ ಫ್ಲುಕೊನಜೋಲ್ ಸೇರಿದರೆ ಶುಗರ್ ಅಪಾಯದ ಮಟ್ಟಕ್ಕೆ ಇಳಿಯಬಹುದು. ಬೆವರು, ನಡುಕ, ತಲೆಸುತ್ತು ಕಂಡರೆ ತಕ್ಷಣ ಗ್ಲುಕೋಮೀಟರ್‌ನಲ್ಲಿ ನೋಡಿ. ರಕ್ತ ತೆಳುವಾಗಿಸುವ ವಾರ್ಫರಿನ್ ಜೊತೆ ಫ್ಲುಕೊನಜೋಲ್ ಸೇರಿದರೆ ರಕ್ತಸ್ರಾವದ ಭಯವಿದೆ. ಹೃದಯ ದುರ್ಬಲವಾದವರಿಗೆ, ಸಿಮ್ವಾಸ್ಟಾಟಿನ್ ನುಂಗುವವರಿಗೆ ಇಟ್ರಾಕೊನಜೋಲ್ ಎಂಬ ಇನ್ನೊಂದು ಫಂಗಸ್ ಮದ್ದು ಸಲ್ಲದು.

ಮದ್ದು ಗಾಯಕ್ಕೆ ತಲುಪುವುದು ರಕ್ತದ ಮೂಲಕ. ಆದ್ದರಿಂದ ಕಾಲಿನ ನಾಡಿ ಪರೀಕ್ಷೆ, ಅಗತ್ಯವಿದ್ದರೆ ಡಾಪ್ಲರ್ ಮಾಡಿಸಿ. ಹುಣ್ಣಿನ ಮೇಲೆ ಭಾರ ಬಿಡಬೇಡಿ.

ಗದ್ದೆಯಲ್ಲಿ ನಾಟಿ ಮಾಡುವವರೂ ಮಳೆಗಾಲದಲ್ಲಿ ಒದ್ದೆ ಬೂಟು ಹಾಕುವವರೂ ಬೆರಳ ಸಂದಿನ ಕೆಸರುಹುಣ್ಣನ್ನು ಕಡೆಗಣಿಸಬಾರದು. ಆ ಬಿರುಕೇ ಬ್ಯಾಕ್ಟೀರಿಯಾಕ್ಕೆ ಬಾಗಿಲು. ಸಂದುಗಳನ್ನು ಒಣಬಟ್ಟೆಯಿಂದ ಒರೆಸಿ, ಅಲ್ಲಿ ಎಣ್ಣೆ ಹಚ್ಚಬೇಡಿ. ಮೆಡಿಕಲ್ ಶಾಪಿನಲ್ಲಿ ಕೇಳಿ ತಂದ ಸ್ಟೀರಾಯ್ಡ್ ಬೆರೆತ ಕ್ರೀಮ್ ತುರಿಕೆ ಅಡಗಿಸುತ್ತದೆ, ಫಂಗಸ್ ಒಳಗೊಳಗೇ ಹಬ್ಬುತ್ತದೆ.

ಕೆಂಪು ಮೇಲೇರುತ್ತಿದ್ದರೆ, ಬೆರಳು ಕಪ್ಪಾದರೆ, ದುರ್ವಾಸನೆ ಅಥವಾ ಜ್ವರ ಬಂದರೆ ನೋವಿಲ್ಲವೆಂದು ಕಾಯಬೇಡಿ. ನರ ಜೋಮುಗಟ್ಟಿದ ಕಾಲಿಗೆ ನೋವು ಗೊತ್ತಾಗುವುದಿಲ್ಲ. ಅಂದೇ ಆಸ್ಪತ್ರೆಗೆ ಹೋಗಿ.