ಡಬಲ್ ಬಾಸ್ ವಾದಕರ ಗಮನಕ್ಕೆ: ಪಾರ್ಟ್ ಓದುವಾಗ ಮಾಡಬೇಕಾದ್ದು, ಮಾಡಬಾರದ್ದು

ಆರ್ಕೆಸ್ಟ್ರಾದಲ್ಲಿ ಬಾಸ್ ಪಾರ್ಟ್ ಕೈಗೆ ಬಂದ ಕೂಡಲೇ ಒಂದು ವಿಷಯ ಖಚಿತ ಮಾಡಿಕೊಳ್ಳಿ: ಹಾಳೆಯ ಮೇಲಿರುವುದು ಕಿವಿಗೆ ಬೇಕಾದ ಸ್ವರವೋ, ಬೆರಳು ಇಡಬೇಕಾದ ಜಾಗವೋ? ಕೆಳಗಿನ ನಿಯಮಗಳೆಲ್ಲ ಇದರಿಂದಲೇ ಹುಟ್ಟಿದವು.

ಮಾಡಬೇಕಾದ್ದು

1. ಬರೆದದ್ದಕ್ಕಿಂತ ಒಂದು ಸ್ಥಾಯಿ ಕೆಳಗೆ ನುಡಿಯುವುದು ಬಾಸ್‌ನ ಸ್ವಭಾವ. ಚೆಲೋ ಜೊತೆ ಒಂದೇ ಸಾಲು ಹಂಚಿಕೊಂಡಿದ್ದರೂ ಇದೇ ಲೆಕ್ಕ.

2. ಓಬೋ ಕೊಡುವ ಎ ಸ್ವರಕ್ಕೇ ಶ್ರುತಿ ಸೇರಿಸಿ. ಅದು 440 ಹರ್ಟ್ಸ್ ಆದರೆ ನಿಮ್ಮ ಎ ತಂತಿ ಮೂರು ಸ್ಥಾಯಿ ಕೆಳಗೆ, 55 ಹರ್ಟ್ಸ್‌ನಲ್ಲಿ ನಿಲ್ಲಬೇಕು. ಅಷ್ಟು ಮಂದ್ರದಲ್ಲಿ ಕಿವಿಯನ್ನು ನಂಬಬೇಡಿ, ಹಾರ್ಮೋನಿಕ್ ಬಳಸಿ. ಪಕ್ಕಪಕ್ಕದ ಎರಡು ತಂತಿಗಳಲ್ಲಿ ಮಂದ್ರದ್ದನ್ನು ಅದರ ಉದ್ದದ ಕಾಲು ಭಾಗದಲ್ಲಿ, ಇನ್ನೊಂದನ್ನು ಮೂರನೇ ಒಂದು ಭಾಗದಲ್ಲಿ ಹಗುರವಾಗಿ ಮುಟ್ಟಿ ಕಮಾನು ಎಳೆಯಿರಿ. ಎರಡರಿಂದಲೂ ಒಂದೇ ಸ್ವರ ಬರಬೇಕು. ನಾದ ತೂಗಾಡಿದರೆ ಅದು ನಿಲ್ಲುವವರೆಗೆ ಬಿರಡೆ ತಿರುಗಿಸಿ.

3. ತಂತಿಯ ಶ್ರುತಿ ಬದಲಿಸುವ ಸೂಚನೆ ಇದೆಯೇ ಎಂದು ತಾಲೀಮಿಗೆ ಮೊದಲೇ ಕೊನೆಯ ಪುಟದವರೆಗೆ ನೋಡಿ. ಎಲ್ಲಿ ಇಳಿಸಬೇಕು, ಎಲ್ಲಿ ಮತ್ತೆ ಏರಿಸಬೇಕು, ನಡುವೆ ಎಷ್ಟು ಬಾರ್ ಬಿಡುವಿದೆ, ಮೂರನ್ನೂ ಗುರುತು ಹಾಕಿ.

4. ಇ ತಂತಿಯನ್ನು ಡಿಗೆ ಇಳಿಸಿದ ಮೇಲೆ ಎಫ್‌ನ ಹಳೆಯ ಜಾಗದಲ್ಲಿ ಇ ಫ್ಲಾಟ್ ಬರುತ್ತದೆ. ಪಾರ್ಟ್ ಕೇಳುವ ಸ್ವರವನ್ನು ಬರೆದಿದ್ದರೆ ಬೆರಳನ್ನು ಎರಡು ಅರ್ಧಸ್ವರ ಬ್ರಿಡ್ಜ್ ಕಡೆಗೆ ಸರಿಸಿ. ಬೆರಳಿನ ಜಾಗವನ್ನು ಬರೆದಿದ್ದರೆ ಕಂಡಂತೆ ನುಡಿಸಿ.

5. ಇಳಿಸಿದ ತಂತಿಯನ್ನು ಮರುಪರೀಕ್ಷಿಸಿ, ಉಳಿದ ಮೂರನ್ನೂ ನೋಡಿ. ಒಂದರ ಬಿಗಿ ಸಡಿಲಿದರೆ ಬೇರೆಯವೂ ಕದಲುತ್ತವೆ.

ಮಾಡಬಾರದ್ದು

1. ಇ ತಂತಿಗಿಂತ ಕೆಳಗಿನ ಸ್ವರ ಕಂಡರೆ ಮನಬಂದಂತೆ ಮೇಲಿನ ಸ್ಥಾಯಿಗೆ ಹಾರಬೇಡಿ. ರಿಚರ್ಡ್ ಸ್ಟ್ರಾಸ್‌ನ 1896ರ ‘ಆಲ್ಸೋ ಶ್ಪ್ರಾಖ್ ಜರತುಸ್ತ್ರ’ ಶುರುವಾಗುವುದೇ ಆರ್ಗನ್ ಜೊತೆ ಬಾಸ್‌ಗಳು ಹಿಡಿಯುವ ಆಳದ ಸಿಯಿಂದ. ಅಲ್ಲಿ ಸಿ ಎಕ್ಸ್‌ಟೆನ್ಷನ್ ಇದ್ದವರು ಅಥವಾ ಐದು ತಂತಿಯ ಬಾಸ್ ಇದ್ದವರು ಕೆಳಗೇ ನುಡಿಸಬೇಕು. ಉಳಿದವರು ಏನು ಮಾಡಬೇಕೆಂಬುದನ್ನು ವಿಭಾಗದ ಮುಖ್ಯಸ್ಥರು ಹೇಳುತ್ತಾರೆ.

2. ಸೋಲೋ ಶ್ರುತಿಯ ಪಾರ್ಟನ್ನು ಆರ್ಕೆಸ್ಟ್ರಾ ಶ್ರುತಿಯಲ್ಲಿ ಓದಬೇಡಿ. ಕುಸೆವಿಟ್ಸ್ಕಿಯ ಕನ್ಚೆರ್ಟೋ ಎಫ್ ಶಾರ್ಪ್ ಮೈನರ್‌ನಲ್ಲಿದೆ. ತಂತಿಗಳನ್ನು ಒಂದು ಸ್ವರ ಏರಿಸಿಕೊಂಡ ವಾದಕರು ಅದನ್ನು ಇ ಮೈನರ್‌ನಲ್ಲಿ ಓದುತ್ತಾರೆ.

3. ಸೋಲೋ ತಂತಿಗಳನ್ನೇ ಇಳಿಸಿ ಆರ್ಕೆಸ್ಟ್ರಾಕ್ಕೆ ಬರಬೇಡಿ. ತೆಳು ತಂತಿ ಸಡಿಲಾದರೆ ನಾದದ ಕಸುವು ಹೋಗುತ್ತದೆ.

4. ಜರ್ಮನ್ ಪಾರ್ಟ್‌ನ ‘ಬಿ’ಯನ್ನು ಬಿ ಎಂದು ನುಡಿಸಬೇಡಿ, ಅದು ಬಿ ಫ್ಲಾಟ್. ಅವರ ‘ಎಚ್’ ನಮ್ಮ ಬಿ.

5. ಸ್ವರದ ಮೇಲಿನ ಪುಟ್ಟ ಸೊನ್ನೆಯನ್ನೂ ವಜ್ರಾಕಾರದ ಸ್ವರವನ್ನೂ ಒಂದೇ ಎಂದುಕೊಳ್ಳಬೇಡಿ. ಮೊದಲನೆಯದು ಸಾಮಾನ್ಯವಾಗಿ ಹಾರ್ಮೋನಿಕ್ ನುಡಿಯುವ ಸ್ವರವನ್ನು ಸೂಚಿಸುತ್ತದೆ, ಎರಡನೆಯದು ಬೆರಳು ಮುಟ್ಟುವ ಜಾಗವನ್ನು.

6. ಬಾಡಿಗೆಯ ಪಾರ್ಟ್ ಮೇಲೆ ಪೆನ್ನು ತಾಗಿಸಬೇಡಿ. ಪೆನ್ಸಿಲ್ ಮಾತ್ರ. ಅನುಮಾನಗಳನ್ನೂ ಅದರಲ್ಲೇ ಗುರುತು ಹಾಕಿ ತಾಲೀಮಿಗೆ ಮೊದಲೇ ಕೇಳಿ. ಕಂಡಕ್ಟರ್ ಕೋಲೆತ್ತಿದ ಮೇಲೆ ಪ್ರಶ್ನೆಗಳಿಗೆ ಅವಕಾಶವಿಲ್ಲ.